ದೊಡ್ಡಕ್ಕನ ತಲೆ

"ಕೊಡು ಇಲ್ಲಿ," ಎಂದು ಲಾಂಡ್ರಿಯಲ್ಲಿ ಬಟ್ಟೆ ಮಡಚುವಾಕೆ ದೊಡ್ಡಕ್ಕನ ಮಗಳ ಕೈಯಿಂದ ಬಿಳಿ ಚಾದರವನ್ನು ಕಿತ್ತುಕೊಂಡಳು. "ಇದನ್ನ ಹೊದಿಸ್ತೀಯಾ ನಿಮ್ಮಮ್ಮನಿಗೆ? ಈ ಸುಕ್ಕು ನೋಡಿದ್ರೆ ಎದ್ದು ಕೂತ್ಕೋತಾಳೆ."

"ಕೂತ್ಕೊಂಡ್ರೆ ಒಳ್ಳೇದೇ ಅಲ್ವಾ ಚಿಕ್ಕಮ್ಮ."

"ಒಳ್ಳೇದೇ. ಆಮೇಲೆ ಬೈಸಿಕೊಳ್ಳೋರು ಯಾರು?"

ಬೆಳಗಿನ ಏಳೂವರೆಯಾಗಿತ್ತು. ಮಡಚುವಾಕೆ ಊಟದ ಮೇಜಿನ ಮೇಲಿದ್ದ ಹಣ್ಣಿನ ಬುಟ್ಟಿ, ಮಾತ್ರೆಯ ಡಬ್ಬಿ, ನಿನ್ನೆಯ ಪತ್ರಿಕೆ ಎಲ್ಲವನ್ನೂ ಗೋಡೆಯತ್ತ ಸರಿಸಿ, ಕಂಬಳಿಯನ್ನು ಎರಡು ಮಡಿಕೆ ಹಾಸಿ, ಇಸ್ತ್ರಿಪೆಟ್ಟಿಗೆಯ ಬಿಸಿಯನ್ನು ಒದ್ದೆ ಬೆರಳಿನಿಂದ ಮುಟ್ಟಿ ನೋಡಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಚಾದರದ ಒಂದು ತುದಿ ದೊಡ್ಡಕ್ಕನ ಕೈಯಲ್ಲಿದ್ದರೆ ಇನ್ನೊಂದು ತುದಿ ಇವಳ ಕೈಯಲ್ಲಿರುತ್ತಿತ್ತು. ಇವತ್ತು ದೊಡ್ಡಕ್ಕನ ತುದಿಯನ್ನು ಮಗಳು ಹಿಡಿದಳು. ಎಳೆದ ರೀತಿ ಸರಿಯಿಲ್ಲವೆಂದು ಎರಡು ಸಲ ಬೈಸಿಕೊಂಡಳು. ಬೈಸಿಕೊಂಡ ಮೇಲೆ ಎದೆ ಸ್ವಲ್ಪ ಹಗುರವಾಯಿತು.

ಹೆಸರಿಗೆ ದೊಡ್ಡಕ್ಕ, ಎತ್ತರ ಐದಡಿಗೆ ಎರಡಂಗುಲ ಕಡಿಮೆ. ಲಾಂಡ್ರಿಯ ನಲವತ್ತು ಹೆಂಗಸರಲ್ಲಿ ವಯಸ್ಸಿನಲ್ಲೂ ಅವಳೇನು ಹಿರಿಯಳಲ್ಲ. ಯಾರಿಗೆ ಏನೇ ಆದರೂ ಮೊದಲು ಅವಳ ಕಿವಿಗೆ ಹಾಕುತ್ತಿದ್ದರು, ಹಾಗಾಗಿ ಆ ಹೆಸರು ನಿಂತುಬಿಟ್ಟಿತು. ಎಪ್ಪತ್ತನಾಲ್ಕು ತುಂಬಿತ್ತು. ಮುಂಜಾನೆ ಆರಕ್ಕೆ ಮಗಳು ಚಹಾ ತಂದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಂದು ಕೈ ದಿಂಬಿನ ಕೆಳಗಿತ್ತು. ಎರಡು ಸಲ ಕರೆದರೂ ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಹೂ ಎತ್ತಿದ ಹಾಗೆ ಹೋಯಿತು ಜೀವ ಎಂದರು ಪಕ್ಕದ ಮನೆಯವರು.

ಮಗಳು ಅತ್ತದ್ದು ಆಮೇಲೆ. ಮೊದಲು ಮಾಡಿದ ಕೆಲಸವೆಂದರೆ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದ ಚೀಟಿಯ ಸಂಖ್ಯೆಗೆ ಫೋನು ಮಾಡಿದ್ದು. ಅಮ್ಮ ಹಾಗೆಂದು ಮಾತು ತೆಗೆದುಕೊಂಡಿದ್ದಳು.

ಅಂಗಳದಲ್ಲಿ ಮಾವ ಕುರ್ಚಿಗಳನ್ನು ಸಾಲಾಗಿ ಇಡಿಸುತ್ತಿದ್ದ. ದೊಡ್ಡಕ್ಕನ ಒಬ್ಬನೇ ತಮ್ಮ. ಮೂವತ್ತೈದು ವರ್ಷ ರಸ್ತೆಗೆ ಡಾಂಬರು ಹಾಕಿಸಿದ ಮೇಸ್ತ್ರಿ. ಸಾವಿನ ಮನೆಯಲ್ಲೂ ಕುರ್ಚಿಯ ಸಾಲು ಸೊಟ್ಟಗಿದ್ದರೆ ಅವನಿಗೆ ಆಗದು. ಬಿಳಿಯ ವ್ಯಾನೊಂದು ಬಂದು ನಿಂತಾಗ, ಇದು ಸ್ಮಶಾನದ ಗಾಡಿಯೇ, ಇಷ್ಟು ಬೇಗ ಯಾಕೆ ಬಂತು ಎಂದು ಕೈ ಅಡ್ಡ ಹಿಡಿದ. ಗಾಡಿಯಿಂದ ಇಳಿದದ್ದು ನರೆಗೂದಲಿನ, ದಪ್ಪ ಕನ್ನಡಕದ ಹೆಂಗಸು. ಕೈಯಲ್ಲಿ ಒಂದು ಕಡತ, ಕಣ್ಣು ಕೆಂಪಾಗಿತ್ತು.

"ಇವರು ಡಾಕ್ಟರಮ್ಮ, ಮಾವ," ಎಂದಳು ಮಗಳು. "ಅಮ್ಮನಿಗೆ ವರ್ಷ ವರ್ಷ ಪರೀಕ್ಷೆ ಮಾಡ್ತಿದ್ರಲ್ಲ, ನರದ ಸಂಶೋಧನೆ. ಅವರು."

"ಬನ್ನಿ, ಕೂತ್ಕೊಳ್ಳಿ. ಕೊನೇ ಸಲ ನೋಡೋಕೆ ಬಂದಿರಿ, ದೊಡ್ಡ ಮನಸ್ಸು ನಿಮ್ಮದು."

ಡಾಕ್ಟರಮ್ಮ ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು. ಆರು ವರ್ಷದಿಂದ ಮಾವನಿಗೆ ಹೇಳಬೇಕು ಹೇಳಬೇಕು ಎಂದು ಅಮ್ಮನೂ ಹೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

"ಅಮ್ಮ ತಲೆ ಬರೆದುಕೊಟ್ಟಿದ್ದಾಳೆ ಮಾವ," ಎಂದಳು ಕೊನೆಗೆ. "ಅಂದ್ರೆ ಮಿದುಳು. ಇವರ ಸಂಶೋಧನೆಗೆ. ಗಾಡೀಲಿ ಕರ್ಕೊಂಡು ಹೋಗಿ, ಮೂರ್ನಾಲ್ಕು ಗಂಟೇಲಿ ವಾಪಸ್ ಕರ್ಕೊಂಡು ಬರ್ತಾರೆ. ನೋಡಿದ್ರೆ ಗೊತ್ತೂ ಆಗಲ್ಲ."

ಮಾವ ಕೈಯಲ್ಲಿದ್ದ ಕುರ್ಚಿಯನ್ನು ಮೆಲ್ಲಗೆ ನೆಲಕ್ಕಿಟ್ಟ.

"ಆಗಲ್ಲ ಪುಟ್ಟಿ," ಎಂದ. "ಅದೊಂದು ಆಗಲ್ಲ."

*

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ಹಿಂಭಾಗದಲ್ಲಿ, ಬಾಯ್ಲರ್ ಮನೆಯ ಬೆನ್ನಿಗೆ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ. ಒಂದು ಗೋಡೆಗೆ ತೊಳೆಯುವ ಯಂತ್ರಗಳು, ನಡುವೆ ಒದ್ದೆ ಚಾದರವನ್ನು ನುಂಗಿ ಒಣಗಿಸಿ ಉಗುಳುವ ಬಿಸಿ ಉರುಳೆ, ಕೊನೆಯಲ್ಲಿ ಮಡಚುವ ಮೇಜು. ದೊಡ್ಡಕ್ಕನ ಜಾಗ ಉರುಳೆಯ ಬಾಯಿಯ ಮುಂದೆ. ಅವಳು ಕೆಲಸಕ್ಕೆ ಸೇರಿದಾಗ ಹಿತ್ತಲಲ್ಲಿ ಮರಗಳಿದ್ದವು, ಮಧ್ಯಾಹ್ನ ಮೂರಾದರೆ ಗಾಳಿ ಬೀಸುತ್ತಿತ್ತು. ಆಮೇಲೆ ಮರ ಹೋಗಿ ಗಾಡಿ ನಿಲ್ಲಿಸುವ ಜಾಗ ಬಂತು. ಅದರಾಚೆ ಎತ್ತರದ ಕಟ್ಟಡ ಬಂತು. ಬೇಸಿಗೆ ಎರಡು ತಿಂಗಳಿದ್ದದ್ದು ಮೂರಾಯಿತು, ಮೂರಿದ್ದದ್ದು ನಾಲ್ಕಾಯಿತು. ಹೆಂಗಸರು ಬೆವರು ಒರೆಸಿಕೊಂಡು, ನಮಗೆ ವಯಸ್ಸಾಯಿತು ಎಂದುಕೊಂಡರು.

ಮೂವತ್ತೊಂದು ವರ್ಷದ ಹಿಂದೆ, ದೊಡ್ಡಕ್ಕನಿಗೆ ನಲವತ್ತಮೂರಾಗಿದ್ದಾಗ, ಒಬ್ಬ ವಿದ್ಯಾರ್ಥಿನಿ, ಈಗಿನ ಡಾಕ್ಟರಮ್ಮ, ಪೆಟ್ಟಿಗೆ ಹೊತ್ತುಕೊಂಡು ಬಂದಳು. ಸೆಕೆ ಏರಿದರೆ ಮನುಷ್ಯರ ನರಮಂಡಲಕ್ಕೆ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ. ಕೇಳಿದರೆ ಉತ್ತರ ಹೇಳಲು ಬಾರದ ಪುಕ್ಕಲು ಹುಡುಗಿ. ಪೆಟ್ಟಿಗೆಯಲ್ಲಿ ಇಪ್ಪತ್ತೈದು ತೂತಿನ ಹಲಗೆ, ಇಪ್ಪತ್ತೈದು ಕಡ್ಡಿ, ಒಂದು ಗಡಿಯಾರ. ಕಡ್ಡಿಗಳನ್ನು ತೂತಿಗೆ ಎಷ್ಟು ಬೇಗ ಸಿಕ್ಕಿಸುತ್ತೀರಿ ನೋಡಬೇಕು. ಹತ್ತು ಪದ ಓದಿ ಹೇಳುತ್ತಾಳೆ, ಹತ್ತು ನಿಮಿಷದ ಮೇಲೆ ಎಷ್ಟು ನೆನಪಿದೆ ಹೇಳಬೇಕು. ಮಣಿಕಟ್ಟಿಗೆ ಸಣ್ಣ ತಂತಿ ಇಟ್ಟು ಇರುವೆ ಕಚ್ಚಿದಷ್ಟು ಕರೆಂಟು ಬಿಡುತ್ತಾಳೆ, ಅದು ಬೆರಳಿಗೆ ಮುಟ್ಟಲು ಎಷ್ಟು ಹೊತ್ತು ಅಳೆಯುತ್ತಾಳೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ.

ಬೆಳಿಗ್ಗೆ ಎಲ್ಲರೂ ಚುರುಕು. ಮೂರಕ್ಕೆ ಕಡ್ಡಿಗಳು ಉದುರಿದವು. ವಿಚಿತ್ರವೆಂದರೆ, ಹೇಗಾಯಿತು ಎಂದು ಕೇಳಿದರೆ ಎಲ್ಲರೂ ಬೆಳಗಿನ ಹಾಗೇ ಆಯಿತು ಎನ್ನುತ್ತಿದ್ದರು. ಕೈ ನಿಧಾನವಾದ ಸುದ್ದಿ ಕೈಯ ಒಡತಿಗೇ ತಲುಪಿರಲಿಲ್ಲ. ಅದರ ಹಿಂದಿನ ತಿಂಗಳಷ್ಟೇ ಒಬ್ಬಾಕೆಯ ಎರಡು ಬೆರಳು ಉರುಳೆಗೆ ಸಿಕ್ಕಿದ್ದವು. ಅಜಾಗರೂಕತೆ ಎಂದು ಮ್ಯಾನೇಜರು ಕಡತದಲ್ಲಿ ಬರೆದಿದ್ದರು.

ಒಂದು ಸಂಜೆ ವಿದ್ಯಾರ್ಥಿನಿ ನಲ್ಲಿಯ ಹತ್ತಿರ ಬಂದು ನಿಂತಳು.

"ಮ್ಯಾನೇಜರು ಪಟ್ಟಿ ಕೇಳ್ತಿದಾರೆ ಅಕ್ಕ. ಯಾರ್ಯಾರ ಕೈ ನಿಧಾನ ಇದೆ, ಹನ್ನೆರಡು ಹೆಸರು ಕೊಡಿ ಅಂತ. ಅವರನ್ನ ತೆಗೆದು ಚುರುಕಾಗಿರೋರನ್ನ ಹಾಕ್ಕೋತಾರಂತೆ. ಕೊಡದಿದ್ರೆ ನಾಳೆಯಿಂದ ಒಳಗೆ ಬಿಡಲ್ಲವಂತೆ."

"ಅದರಲ್ಲಿ ನಾನಿದೀನಾ?"

ಹುಡುಗಿ ನಲ್ಲಿಯನ್ನೇ ನೋಡಿದಳು.

"ಇದೀನಿ ಅಂತಾಯ್ತು. ಎಷ್ಟನೆಯವಳು?"

"ಹೇಳಬಾರದು ಅಕ್ಕ."

"ಕೊನೆಯವಳು," ಎಂದು ದೊಡ್ಡಕ್ಕ ತಾನೇ ತೀರ್ಪು ಕೊಟ್ಟುಕೊಂಡು ಕೈ ಒರೆಸಿಕೊಂಡಳು. "ಇರಲಿ. ನಮ್ಮ ನರ ಅಳೆದೆ, ಆ ಕೋಣೇನ ಅಳೆದಿದೀಯಾ?"

"ಕೋಣೇಗೆ ನರ ಎಲ್ಲಿರುತ್ತೆ?"

"ನಾಳೆ ಮ್ಯಾನೇಜರನ್ನ ಕರ್ಕೊಂಡು ಬಾ, ತೋರಿಸ್ತೀನಿ."

ಮರುದಿನ ಮ್ಯಾನೇಜರು ಪಟ್ಟಿ ಸಿಗುತ್ತದೆಂದು ಬಂದರು. ದೊಡ್ಡಕ್ಕ ಅವರಿಗೆ ಕೈಮುಗಿದು, "ಪರೀಕ್ಷೆ ಸರಿಯಾಗಿದೆಯೋ ಇಲ್ಲವೋ ದೊಡ್ಡವರು ಒಬ್ಬರು ನೋಡಬೇಕಲ್ಲ ಸಾರ್. ಒಂದೇ ಒಂದು ಗಂಟೆ ಇಲ್ಲಿ ನಿಂತಿದ್ದು ಆಮೇಲೆ ಆ ಕಡ್ಡಿ ಸಿಕ್ಕಿಸಿ. ನಾವು ಎಂಟು ಗಂಟೆ ನಿಲ್ತೀವಿ, ನಿಮಗೆ ಏಳು ಗಂಟೆ ರಿಯಾಯಿತಿ," ಎಂದಳು. ನಲವತ್ತು ಹೆಂಗಸರು ನೋಡುತ್ತಿದ್ದಾಗ ಆಗುವುದಿಲ್ಲ ಎನ್ನಲು ಅವರ ಮೀಸೆ ಒಪ್ಪಲಿಲ್ಲ. ಉರುಳೆಯ ಮುಂದೆ ನಿಂತರು. ಕಾಲು ಗಂಟೆಗೆ ಕೋಟು ಹೋಯಿತು, ಅರ್ಧ ಗಂಟೆಗೆ ಟೈ ಹೋಯಿತು. ಗಂಟೆ ತುಂಬಿದಾಗ ಹಲಗೆಯ ಮುಂದೆ ಕೂತು ಒಂಬತ್ತು ಕಡ್ಡಿ ಬೀಳಿಸಿದರು. ಹತ್ತು ಪದದಲ್ಲಿ ಮೂರು ಹೇಳಿದರು. ನಾಲ್ಕನೆಯದಾಗಿ "ಐಸು" ಎಂದರು. ಐಸು ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಯಾರೂ ನಗಲಿಲ್ಲ. ನಕ್ಕರೆ ಕೆಟ್ಟಿತು ಎಂದು ದೊಡ್ಡಕ್ಕ ಮೊದಲೇ ಹೇಳಿಟ್ಟಿದ್ದಳು. ಬೇಕಿದ್ದರೆ ಬಾಯಿಗೆ ಚಾದರ ತುರುಕಿಕೊಳ್ಳಿ ಎಂದಿದ್ದಳು, ಕೆಲವರು ತುರುಕಿಕೊಂಡಿದ್ದರು.

"ಹೇಗಾಯ್ತು ಸಾರ್?" ಎಂದು ಕೇಳಿದಳು.

"ಚೆನ್ನಾಗೇ ಆಯ್ತಲ್ಲ," ಎಂದರು ಅವರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಕಡ್ಡಿಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಪಟ್ಟಿಯನ್ನು ಅವರು ಮತ್ತೆ ಕೇಳಲಿಲ್ಲ. ಕೆಲಸದ ವೇಳೆ ಮುಂಜಾನೆ ಐದರಿಂದ ಹನ್ನೆರಡರವರೆಗೆ ಆಯಿತು. ಗೋಡೆಯ ಮೇಲ್ಭಾಗದಲ್ಲಿ ಆರು ಕಿಟಕಿ ಕೊರೆದರು. ಬೆರಳು ಹೋದವಳ ಕಡತದಿಂದ ಅಜಾಗರೂಕತೆ ಎಂಬ ಮಾತನ್ನು ಮ್ಯಾನೇಜರು ತಾವೇ ಹೊಡೆದು ಹಾಕಿದರು. ಆ ಹುಡುಗಿಯ ಪ್ರಬಂಧ ಅಚ್ಚಾಯಿತು, ಬೇರೆ ಊರುಗಳಲ್ಲಿ ಕುಲುಮೆಯವರನ್ನು, ಗಾರೆಯವರನ್ನು ಅಳೆದರು. ಬಿಸಿ ಇಂತಿಷ್ಟು ಮೀರಿದರೆ ಮೈಮುರಿದು ದುಡಿಯುವ ಕೆಲಸ ನಿಲ್ಲಿಸತಕ್ಕದ್ದು ಎಂಬ ಕಾನೂನು ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ದೊಡ್ಡಕ್ಕ ನಿವೃತ್ತಳಾಗಿದ್ದಳು. ಪ್ರಬಂಧದಲ್ಲಿ ಅವಳ ಹೆಸರಿರಲಿಲ್ಲ, ಭಾಗವಹಿಸಿದವರು ನಲವತ್ತು ಎಂದಷ್ಟೇ ಇತ್ತು. ಆ ನಲವತ್ತರಲ್ಲಿ ನಾನೂ ಒಬ್ಬಳು ಎಂದು ಹೇಳಿಕೊಳ್ಳಲು ಅವಳಿಗೆ ಅಷ್ಟೇ ಸಾಕಾಗಿತ್ತು.

*

"ಮಾವ, ಅಮ್ಮನ ಸಹಿ ಇದೆ. ನೋಡು."

"ಸಹಿ ಇರಲಿ ಪುಟ್ಟಿ. ಪೂರ್ತಿ ಬಂದವಳು ಪೂರ್ತಿ ಹೋಗಬೇಕು." ಮಾವ ಕೂತಿದ್ದಲ್ಲಿಂದ ಕದಲಲಿಲ್ಲ. "ಈಗ ಸಹಿ ಹಾಕಬೇಕಾದವಳು ನೀನು. ನಾನು ಬೇಡ ಅಂದ ಮೇಲೂ ಹಾಕ್ತೀನಿ ಅಂದ್ರೆ ಹಾಕು."

ಅದನ್ನು ಮಗಳು ಮಾಡಲಾರಳು ಎಂದು ಅವನಿಗೂ ಗೊತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಟ್ಟವನು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿಸಿದವನು ಇದೇ ಮಾವ. ಲೇಖನಿ ಅವಳ ಬೆರಳ ಸಂದಿಯಲ್ಲೇ ನಿಂತಿತು. ಗಾಡಿಯ ಚಾಲಕ ಗಡಿಯಾರ ನೋಡಿಕೊಂಡ. ತಡವಾದರೆ ಮಿದುಳು ಪ್ರಯೋಜನಕ್ಕೆ ಬಾರದು.

*

ಆರು ವರ್ಷದ ಹಿಂದೆ, ಇದೇ ಮೇಜಿನ ಮುಂದೆ, ದೊಡ್ಡಕ್ಕ ಆ ಕಾಗದಕ್ಕೆ ಸಹಿ ಹಾಕಿ ಶಾಯಿ ಆರಲೆಂದು ಊದುತ್ತಿದ್ದಳು.

"ಹೆದರಿಕೆ ಆಗಲ್ವಾ ಅಮ್ಮ?"

"ಯಾಕೆ? ನಿಮ್ಮಪ್ಪ ನನ್ನ ನೋಡೋಕೆ ಬಂದಾಗ ಕೂಡ ನನ್ನ ತಲೆ ಬೇಕು ಅಂತ ಕೇಳಿರಲಿಲ್ಲ. ಇವರು ಇಷ್ಟು ಓದಿದವರು, ಬಾಯಿಬಿಟ್ಟು ಕೇಳ್ತಿದಾರೆ."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ. ಇಷ್ಟು ವರ್ಷ ಹೊರಗಿಂದಲೇ ಅಳೆದಳು ಪಾಪ. ಬಾಗಿಲ ಹೊರಗೆ ನಿಂತು ಒಳಗೆ ಅಡುಗೆ ಏನು ಅಂತ ಮೂಸಿದ ಹಾಗೆ. ಒಂದು ಸಲ ಒಳಗೆ ಬಂದು ನೋಡಲಿ." ಕಾಗದವನ್ನು ಮಡಚಿ, ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ತೀಡಿದಳು. "ನಿಮ್ಮ ಮಾವನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ. ಅವನು ಮೇಲೆ ಡಾಂಬರು, ಒಳಗೆ ಬೆಣ್ಣೆ."

*

ಡಾಕ್ಟರಮ್ಮ ಮಾವನ ಪಕ್ಕದ ಕುರ್ಚಿಯಲ್ಲಿ ಕೂತಳು. ಕಡತವನ್ನು ಕಾಲ ಹತ್ತಿರ ಇಟ್ಟಳು.

"ಯಾಕೆ ಬೇಡ ಅಂತ ನನಗೆ ಹೇಳಬಹುದಾ? ಬಲವಂತ ಮಾಡೋಕಲ್ಲ. ಬೇಡ ಅಂದ್ರೆ ಎದ್ದು ಹೋಗ್ತೀನಿ, ಆಮೇಲೆ ಮಣ್ಣಿಗೆ ಬರ್ತೀನಿ."

ಮಾವ ಅಂಗೈ ಉಜ್ಜಿಕೊಂಡ.

"ನಮ್ಮಮ್ಮ ಹೋದಾಗ ನನಗೆ ನಾಲ್ಕು ವರ್ಷ," ಎಂದ. "ಅಕ್ಕನಿಗೆ ಹತ್ತು. ಒಂದು ಫೋಟೋ ಕೂಡ ಇಲ್ಲ. ನನಗೆ ಏನೂ ನೆನಪಿಲ್ಲ. ನಾನು ಕೇಳ್ತಿದ್ದೆ, ಅವಳು ಹೇಳ್ತಿದ್ದಳು. ಗದ್ದದ ಮೇಲೆ ಗುಳಿ ಇತ್ತು. ತಲೆ ಬಾಚುವಾಗ ಗುನುಗ್ತಿದ್ದಳು. ಎಡಗೈಯಲ್ಲಿ ಸೂಜಿ ಹಿಡೀತಿದ್ದಳು. ನಿನ್ನೆ ಮೊನ್ನೆವರೆಗೂ ಕೇಳಿದೀನಿ ನಾನು, ಈ ವಯಸ್ಸಲ್ಲಿ. ನಮ್ಮಮ್ಮ ಇದ್ದದ್ದು ಅವಳ ತಲೇಲಿ ಮಾತ್ರ. ಇನ್ನೆಲ್ಲೂ ಇಲ್ಲ. ಅದನ್ನ ನೀವು ಚೂರು ಮಾಡಿ ಗಾಜಿನ ಮೇಲೆ ಇಟ್ಟು ನೋಡ್ತೀರಾ."

ಮಗಳಿಗೆ ಇದು ಗೊತ್ತಿರಲಿಲ್ಲ. ಒಳಗೆ ಇಸ್ತ್ರಿಪೆಟ್ಟಿಗೆಯ ಸದ್ದೂ ನಿಂತಿತು.

"ನೋಡ್ತೀವಿ," ಎಂದಳು ಡಾಕ್ಟರಮ್ಮ. "ಸುಳ್ಳು ಹೇಳಲ್ಲ."

"ಅಲ್ಲಿ ಅವಳು ಕಾಣ್ತಾಳಾ? ನಮ್ಮಮ್ಮ?"

"ಇಲ್ಲ. ನರದ ಮೇಲಿನ ಪೊರೆ ಎಲ್ಲಿ ತೆಳುವಾಗಿದೆ, ಬಿಸಿಗೆ ಯಾವುದು ಸೋತಿದೆ, ಯಾವುದು ಸೋತಿಲ್ಲ, ಅಷ್ಟು ಕಾಣುತ್ತೆ. ಮುಂದೆ ಸೆಕೆ ಇನ್ನೂ ಜಾಸ್ತಿ ಆಗುತ್ತೆ, ಯಾರ ಮೈ ಎಷ್ಟು ತಡೆಯುತ್ತೆ ಗೊತ್ತಾಗಬೇಕು. ನೆನಪು ಬೇರೆ ವಿಷಯ. ಅದನ್ನ ಓದೋಕೆ ನಮಗೆ ಬರಲ್ಲ. ನಾನು ಇರೋವರೆಗಂತೂ ಬರಲ್ಲ."

"ಅಂದ್ರೆ ನಮ್ಮಮ್ಮ ನಿಮ್ಮ ಕೈಗೆ ಸಿಗಲ್ಲ."

"ಸಿಗಲ್ಲ. ಮಣ್ಣಿಗಿಟ್ಟರೂ ಯಾರಿಗೂ ಸಿಗಲ್ಲ. ಅಕ್ಕ ನಿಮಗೆ ಹೇಳಿದ್ದಷ್ಟೇ ಉಳಿದಿರೋದು. ಅದು ನಿಮ್ಮ ಹತ್ರ ಇದೆ."

ಮಾವ ಬೀದಿಯ ಕಡೆ ನೋಡಿದ. ನಿಧಾನವಾಗಿ ಮೂಗು ಒರೆಸಿಕೊಂಡ.

"ಗದ್ದದ ಗುಳಿ, ಗುನುಗೋದು, ಎಡಗೈ," ಎಂದು ಬೆರಳು ಮಡಚಿದ. "ಕುಂಟೋ ಬೆಕ್ಕಿಗೆ ಹಾಲು ಹಾಕ್ತಿದ್ದಳಂತೆ. ಅದೂ ಒಂದು." ಆಮೇಲೆ ಅಕ್ಕನ ಮಗಳ ಕಡೆ ತಿರುಗಿದ. "ಬರ್ಕೋ ಪುಟ್ಟಿ, ಆಮೇಲೆ ಹೇಳ್ತೀನಿ, ಎಲ್ಲಾ ಬರ್ಕೋ. ಈಗ ಸಹಿ ಹಾಕು. ಬದುಕಿದ್ದಾಗ ನನ್ನ ಮಾತು ಕೇಳದೋಳು ಈಗ ಕೇಳ್ತಾಳಾ."

ಮಗಳು ಸಹಿ ಹಾಕಿದಳು. ಅಕ್ಷರ ಸೊಟ್ಟಗೆ ಬಂತು.

"ಆದ್ರೆ ನಾನೂ ಜೊತೇಲಿ ಬರ್ತೀನಿ," ಎಂದ ಮಾವ ಡಾಕ್ಟರಮ್ಮನಿಗೆ. "ಬಾಗಿಲಾಚೆ ಕೂತಿರ್ತೀನಿ. ತೊಂದರೆ ಕೊಡಲ್ಲ."

*

ಗಾಡಿ ಹೋಗಿ ಬರುವಷ್ಟರಲ್ಲಿ ಮನೆ ತುಂಬಿತು. ಪಾಳಿ ಮುಗಿಸಿದ ಲಾಂಡ್ರಿಯ ಹೆಂಗಸರು ಹನ್ನೆರಡೂಕಾಲಿಗೆ ಒಟ್ಟಿಗೆ ಬಂದರು, ಮೈಯಿಂದ ಇನ್ನೂ ಸಾಬೂನಿನ ವಾಸನೆ ಬರುತ್ತಿತ್ತು. ಅವರಲ್ಲಿ ಅರ್ಧಕ್ಕರ್ಧ ಜನ ದೊಡ್ಡಕ್ಕನ ಜೊತೆ ಕೆಲಸ ಮಾಡಿದವರೇ ಅಲ್ಲ, ಕತೆ ಕೇಳಿದವರು. ಕೋಲೂರಿಕೊಂಡು ಮ್ಯಾನೇಜರು ಕೂಡ ಬಂದರು. ಎಂಬತ್ತೆಂಟು ವರ್ಷ. ಮೀಸೆ ಬೆಳ್ಳಗಾಗಿತ್ತು.

"ಇವತ್ತಿಗೂ ನಮ್ಮ ಮನೆಯವಳು ನನ್ನನ್ನ ಐಸು ಅಂತಲೇ ಕರೀತಾಳೆ," ಎಂದರು ಮಗಳಿಗೆ. "ಮನೇಲಿ ಹೇಳಬಾರದಿತ್ತು ನಾನು, ಹೇಳಿಬಿಟ್ಟೆ."

"ಅಮ್ಮ ನಿಮ್ಮನ್ನ ಯಾವಾಗಲೂ ಒಳ್ಳೆಯವರು ಅಂತಿದ್ರು."

"ಆ ದಿನ ಆದಮೇಲೆ ಅಂತಿರಬೇಕು," ಎಂದರು ಅವರು. "ಮೊದಲು ಅಂದಿರಲ್ಲ."

ಆಗ ಅಲ್ಲಿದ್ದವರೆಲ್ಲ ನಕ್ಕರು. ಮೂವತ್ತೊಂದು ವರ್ಷದ ಹಿಂದೆ ಬಾಯಿಗೆ ಚಾದರ ತುರುಕಿಕೊಂಡಿದ್ದ ಮಡಚುವಾಕೆ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನೀರು ನಗುವಿನದೋ ಬೇರೆಯದೋ ಅವಳಿಗೂ ತಿಳಿಯಲಿಲ್ಲ.

ಒಂದು ಗಂಟೆಗೆ ದೊಡ್ಡಕ್ಕ ವಾಪಸು ಬಂದಳು. ಗೀಟು ಹಾಕಿದ ಹಾಗೆ ಇಸ್ತ್ರಿಯಾಗಿದ್ದ ಚಾದರವನ್ನು ಹೊದಿಸಿದರು. ಮಗಳು ಹಣೆ ಮುಟ್ಟಿ ನೋಡಿದಳು. ಅಮ್ಮನ ಮುಖ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಯಾರಿಗೋ ಕೊಡಬೇಕಾದ ಪಾತ್ರೆಯನ್ನು ಕೊಟ್ಟು ಬಂದು ಮಲಗಿದವಳ ಹಾಗೆ.

ಎರಡು ಗಂಟೆಗೆ ಸ್ಮಶಾನ ಮುಟ್ಟಿದಾಗ ಗುಂಡಿ ಅರ್ಧ ಮಾತ್ರ ಆಗಿತ್ತು. ಅಗೆಯುವವನು ಮರದ ಬುಡದಲ್ಲಿ ಕೂತು ನೀರು ಕುಡಿಯುತ್ತಿದ್ದ. ಜನ ಬಂದದ್ದು ಕಂಡು ಎದ್ದು ನಿಂತ. ಮುಖದಲ್ಲಿ ಸಂಕೋಚ.

"ಕ್ಷಮಿಸಬೇಕು. ಹನ್ನೊಂದೂವರೆಗೇ ಬಿಸಿ ಗೆರೆ ದಾಟಿಬಿಟ್ಟಿತು, ಗೇಟಲ್ಲಿ ಕೆಂಪು ಬಾವುಟ ಹಾಕಿದಾರೆ. ನಾಲ್ಕರವರೆಗೂ ನಾನು ಗುದ್ದಲಿ ಮುಟ್ಟೋ ಹಾಗಿಲ್ಲ."

"ಏನಯ್ಯಾ ಇದು," ಎಂದ ಮಾವ. "ಹೆಣ ಬಿಸಿಲಲ್ಲಿ ಕಾಯಬೇಕಾ? ನಾನು ಮೂವತ್ತೈದು ವರ್ಷ ಕುದಿಯೋ ಡಾಂಬರಿನ ಪಕ್ಕ ನಿಂತವನು. ಕೊಡು ಇಲ್ಲಿ ಗುದ್ದಲಿ. ಯಾರು ಮಾಡಿದ್ದು ಈ ಕಾನೂನು?"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸತೊಡಗಿದಳು. ಮಗಳು ಮಾವನನ್ನು ನೋಡಿ, ಆಮೇಲೆ ಗಾಡಿಯ ಒಳಗೆ ಬಿಳಿ ಚಾದರದ ಕೆಳಗಿದ್ದ ಪುಟ್ಟ ಆಕಾರವನ್ನು ನೋಡಿದಳು. ಚಾಚಿದ್ದ ಮಾವನ ಕೈ ಗಾಳಿಯಲ್ಲೇ ನಿಂತಿತು.

"ಓ," ಎಂದ. ಗಾಡಿಯ ಕಡೆ ತಿರುಗಿ, "ಇವಳಾ," ಎಂದ.

"ತಪ್ಪಾಯ್ತು ಅಂತ ತಿಳ್ಕೋಬೇಡಿ," ಎಂದು ಅಗೆಯುವವನು ಮತ್ತೆ ಶುರುಮಾಡಿದ. "ಕಾನೂನು ಬರೋ ಮುಂಚೆ ನಮ್ಮವನೊಬ್ಬ ತಾನು ತೋಡಿದ ಗುಂಡೀಲೇ ಬಿದ್ದು..."

"ನಿಮ್ಮದೇನೂ ತಪ್ಪಿಲ್ಲ," ಎಂದಳು ಮಗಳು. "ನಾವು ಕಾಯ್ತೀವಿ. ಅಮ್ಮನಿಗೂ ಅವಸರ ಇಲ್ಲ."

ಗಾಡಿಯನ್ನು ನೆರಳಿಗೆ ಹಿಂದೆ ಸರಿಸಿ, ತಂಪಿನ ಯಂತ್ರವನ್ನು ಹಾಗೇ ಓಡಲು ಬಿಟ್ಟರು. ಲಾಂಡ್ರಿಯ ಹೆಂಗಸರು ಚಪ್ಪಲಿ ಕಳಚಿ ಗೋಡೆಯುದ್ದಕ್ಕೂ ಕೂತು ಕಾಲು ಚಾಚಿದರು. ಮ್ಯಾನೇಜರಿಗೆ ಒಂದು ಕುರ್ಚಿ ಸಿಕ್ಕಿತು. ಬಿಸಿಲು ಕಲ್ಲುಗಳ ಮೇಲೆ ಬೆಳ್ಳಗೆ ನಿಂತಿತ್ತು, ಎಲೆ ಅಲುಗುತ್ತಿರಲಿಲ್ಲ.

ಮಾವ ಅಗೆಯುವವನ ಪಕ್ಕದಲ್ಲಿ ಬೇರಿನ ಮೇಲೆ ಕೂತ. "ನಾನು ನಿವೃತ್ತನಾಗಿ ಎರಡು ವರ್ಷಕ್ಕೆ ಬಂತು ಕಣಯ್ಯಾ ಈ ಕಾನೂನು," ಎಂದ. "ಸ್ವಲ್ಪ ಬೇಗ ಬರಬಹುದಿತ್ತು." ಅಂಗಾಲು ಈಗಲೂ ಜುಮುಗುಡುತ್ತದೆ, ಬೆಳಿಗ್ಗೆ ಎದ್ದರೆ ನೆಲ ಇದೆಯೋ ಇಲ್ಲವೋ ತಿಳಿಯದು ಎಂದೂ ಹೇಳಿದ. ಅದನ್ನು ಡಾಕ್ಟರಮ್ಮ ಕೇಳಿಸಿಕೊಂಡು, ನಾಳೆ ಬನ್ನಿ, ಒಮ್ಮೆ ನೋಡೋಣ ಎಂದಳು. ಬೆಳಿಗ್ಗೆಯಿಂದ ಅಗೆದು ದಣಿದವನಿಗೆ ಇದು ಯಾವುದೂ ಕೇಳಿಸಲಿಲ್ಲ. ಮರಕ್ಕೆ ಒರಗಿದವನು ಹಾಗೇ ಜಾರಿ ನಿದ್ದೆ ಹೋಗಿದ್ದ. ಬಾಯಿ ಅರೆ ತೆರೆದಿತ್ತು, ಮಣ್ಣು ಮೆತ್ತಿದ ಕೈಗಳು ಹೊಟ್ಟೆಯ ಮೇಲೆ ಸಡಿಲವಾಗಿ ಬಿದ್ದಿದ್ದವು.

ಮೂರರ ಹೊತ್ತಿಗೆ ಮರದ ನೆರಳು ಸರಿದು ಬಿಸಿಲು ಅವನ ಪಾದಕ್ಕೆ ಬಂತು, ಪಾದದಿಂದ ಮೊಣಕಾಲಿಗೆ ಹತ್ತತೊಡಗಿತು. ಮಡಚುವಾಕೆ ಎಬ್ಬಿಸಲೆಂದು ಏಳುತ್ತಿದ್ದಳು. ಮಾವ ಬೇಡವೆಂದು ಕೈ ತೋರಿಸಿದ. ತಾನೇ ಎದ್ದು, ಸೊಂಟ ಹಿಡಿದುಕೊಂಡು ಎರಡು ಹೆಜ್ಜೆ ಆ ಕಡೆಗೆ ಹೋಗಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತ. ಅವನ ಅಗಲವಾದ ಬೆನ್ನಿನ ನೆರಳು ಮಲಗಿದವನ ಕಾಲಿನ ಮೇಲೆ ಬಿತ್ತು. ಡಾಕ್ಟರಮ್ಮ ತನ್ನ ಕೊಡೆಯನ್ನು ಬಿಚ್ಚಿ ತಂದು ಮಾವನ ತಲೆಯ ಮೇಲೆ ಹಿಡಿದು ನಿಂತಳು. ನಾಲ್ಕು ಗಂಟೆಗೆ ಇನ್ನೂ ಹೊತ್ತಿತ್ತು.